ಕಿರಿದಾದ ನಡುಮನೆ, ಹಿರಿದಾದ ಮಂಚ

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಸುಮಾರು 10 ಕಿಲೋಮೀಟರು ದೂರದಲ್ಲಿರುವ ತ್ಯಾವರೆಕೊಪ್ಪದ ಹೆಸರು ನಾಡಿಗೆಲ್ಲ ಪರಿಚಿತವಾದುದು ಅಲ್ಲಿನ ಹುಲಿ-ಸಿಂಹಗಳಿಂದ. 1988ರಲ್ಲಿ ಸಿಂಹಧಾಮವು ಆರಂಭವಾದಂದಿನಿಂದ, ವಾಹನದೊಳಗೆ ಕುಳಿತು ಮೃಗರಾಜನನ್ನು ಕಣ್ತುಂಬ ನೋಡಿ ಬರುವವರಿಗೆ ಕೊರತೆಯಿಲ್ಲ. ಆ ದಾರಿಯ ಇಕ್ಕೆಲಗಳಲ್ಲಿ ಮನೆ ಮಾಡಿಕೊಂಡಿರುವ ಗೃಹಿಣಿಯರಿಗೆ ಮಾತ್ರ ಈ ಕೀರ್ತಿಯ ಇನ್ನೊಂದು ಮುಖವೂ ಗೊತ್ತು. ಸಿಂಹವನ್ನು ನೋಡಲು ಬಂದ ನೆಂಟರು ಹಿಂದಿರುಗುವಾಗ ಮನೆಗೆ ಬಾರದೆ ಹೋದಾರೆ? ಸಿಂಹಗಳಿಗೇನೋ ನೂರಾರು ಎಕರೆ ಕಾಡುಂಟು. ಒಂಬತ್ತು ಮಂದಿ ನೆಂಟರಿಗೆ ಇರುವುದು 10 ಅಡಿ ಅಗಲ, 12 ಅಡಿ ಉದ್ದದ ಒಂದು ನಡುಮನೆ!

30 ಅಡಿಗೆ 40 ಅಡಿಯ ನಿವೇಶನದಲ್ಲಿ ಕಟ್ಟಿದ ಮನೆಗೆ ಇದಕ್ಕಿಂತ ದೊಡ್ಡ ನಡುಮನೆಯನ್ನು ಬಯಸುವುದು ಕಷ್ಟ. ಗೋಡೆಯನ್ನು ಹಿಂದಕ್ಕೆ ತಳ್ಳುವುದು ಯಾರಿಂದಲೂ ಆಗದ ಮಾತು. ಆದರೆ ಇದ್ದ ಸ್ಥಳವನ್ನು ನುಂಗುವುದು ಗೋಡೆಗಳಲ್ಲ, ಮನೆಯವರೇ ಹಣ ತೆತ್ತು ಒಳಗೆ ತಂದಿರಿಸಿದ ಆಸನಗಳು. ಅಂಗಡಿಯ ವಿಶಾಲವಾದ ಹಜಾರದಲ್ಲಿ ಮೂವರು ಕೂರುವ ಮೆತ್ತನೆಯ ಸೋಫಾ ಪುಟ್ಟದಾಗಿಯೇ ಕಾಣುತ್ತದೆ. ಅದೇ ಸೋಫಾ ಮನೆಯ ಬಾಗಿಲು ದಾಟಿ ಒಳಗೆ ಬಂದ ಗಳಿಗೆಯಲ್ಲಿ ಆನೆಯ ಮರಿಯಾಗಿ ಬೆಳೆದು ನಿಲ್ಲುತ್ತದೆ.

ಲೆಕ್ಕ ಹಾಕಿ ನೋಡಿದರೆ ವಿಷಯ ಸ್ಪಷ್ಟವಾಗುವುದು. ನಡುಮನೆಯ ನೆಲ 120 ಚದರಡಿ. ಆರೂವರೆ ಅಡಿ ಉದ್ದ, ಮೂರಡಿ ಅಗಲದ ಸೋಫಾ ಒಂದೇ ಹತ್ತೊಂಬತ್ತೂವರೆ ಚದರಡಿಯನ್ನು ಆಕ್ರಮಿಸುತ್ತದೆ. ಅದರ ಜೊತೆಯ ಎರಡು ಒಂಟಿ ಆಸನಗಳು ತಲಾ 9 ಚದರಡಿ. ನಡುವೆ ಒಂದು ಟೀಪಾಯಿ, 7 ಚದರಡಿ. ದೂರದರ್ಶನದ ಪೆಟ್ಟಿಗೆಯ ಕೆಳಗಿನ ಕಪಾಟು ಏಳೂವರೆ. ಎಲ್ಲ ಸೇರಿ 52 ಚದರಡಿ. ಮೂರಡಿಯ ಬಾಗಿಲಿನ ಹಲಗೆಯೊಂದು ಒಳಮುಖವಾಗಿ ತೆರೆದು ಮುಚ್ಚಲು ಮತ್ತೆ 7 ಚದರಡಿ ಬರಿದಾಗಿಯೇ ಇರಬೇಕು. ಅಂತೂ ಅರ್ಧದಷ್ಟು ನೆಲ ಯಾರೂ ಬರುವ ಮೊದಲೇ ಮುಗಿದುಹೋಯಿತು. ಇಷ್ಟು ಸ್ಥಳವನ್ನು ತಿಂದು ಆ ಸೋಫಾ ಜೋಡಿ ಕೂರಿಸುವುದು ಎಷ್ಟು ಜನರನ್ನು? ಐವರನ್ನು!

ಇದೇ ಕೋಣೆಯಲ್ಲಿ ಐದಡಿ ಉದ್ದ, ಎರಡಡಿ ಅಗಲದ ಬೆತ್ತದ ಬೆನ್ನಿನ ಬೆಂಚು, ಎರಡಡಿ ಚೌಕದ ಎರಡು ಹಗುರವಾದ ಕುರ್ಚಿಗಳು ಮತ್ತು ಬೆಂಚಿನ ಕೆಳಗೆ ತೂರಿಸಿಡಬಹುದಾದ ಎರಡು ಪುಟ್ಟ ಮಣೆಗಳಿದ್ದರೆ ನೆಲದಲ್ಲಿ ಖರ್ಚಾಗುವುದು 18 ಚದರಡಿ ಮಾತ್ರ. ಬೆಂಚಿನ ಮೇಲೆ ಮೂವರು, ಕುರ್ಚಿಗಳಲ್ಲಿ ಇಬ್ಬರು, ಮಣೆಗಳನ್ನೆಳೆದುಕೊಂಡು ಮತ್ತಿಬ್ಬರು, ಉಳಿದವರಿಗೆ ಜಮಖಾನೆ. ಜಮಖಾನೆಯ ಮೇಲೆ ಕೂರುವುದನ್ನು ಅಗೌರವವೆಂದು ಭಾವಿಸುವ ನೆಂಟರು ಇನ್ನೂ ಇದ್ದರೆ ಅವರಿಗೆ ಕುರ್ಚಿಯನ್ನೇ ಬಿಟ್ಟುಕೊಡಬಹುದು. ಅಂಥವರು ಸಾಮಾನ್ಯವಾಗಿ ಒಬ್ಬರಿಗಿಂತ ಹೆಚ್ಚು ಇರುವುದಿಲ್ಲ.

ಹಿಂದಿನವರ ಬಾಳಿನಲ್ಲಿ ಈ ವಿವೇಕ ತಾನಾಗಿಯೇ ಇತ್ತು. ಅವರು ಮನೆಯನ್ನು ಚದರಡಿಯಲ್ಲಿ ಎಣಿಸದೆ ಅಂಕಣದಲ್ಲಿ ಎಣಿಸುತ್ತಿದ್ದರು. ತೊಲೆಗೂ ತೊಲೆಗೂ ನಡುವಣ ಎಡೆಯೇ ಅಂಕಣ. ಪತ್ರಿಕೆಯ ಪುಟದಲ್ಲಿ ಓದುವ ಅಂಕಣವೂ ಇದೇ ಶಬ್ದ ಎಂಬುದು ಮೋಜಿನ ಸಂಗತಿ. ಏಳಂಕಣದ ಮನೆಯೆಂದರೆ ದೊಡ್ಡಸ್ತಿಕೆಯ ಮಾತು. ಅಲ್ಲಿ ಅಳೆಯುತ್ತಿದ್ದುದು ಕಂಬಗಳ ನಡುವಿನ ಬರಿದು ಜಾಗವನ್ನು, ಅದರೊಳಗೆ ತುಂಬಿದ ವಸ್ತುಗಳನ್ನಲ್ಲ. ಚಾಪೆ, ಜಮಖಾನೆ, ಮಣೆ ಎಲ್ಲವೂ ಬೇಕಾದಾಗ ಹಾಸಿ ಬೇಡವಾದಾಗ ಸುತ್ತಿಡುವಂಥವು. ದೂರದ ಜಪಾನಿನಲ್ಲಿಯೂ ಕೋಣೆಯನ್ನು ಚಾಪೆಗಳ ಲೆಕ್ಕದಲ್ಲಿಯೇ ಹೇಳುವ ವಾಡಿಕೆಯುಂಟು. ಸುಮಾರು ಆರಡಿಗೆ ಮೂರಡಿಯ 'ತತಾಮಿ' ಚಾಪೆಗಳು ಆರು ಹಿಡಿಸುವ ಕೋಣೆಯೆಂದರೆ ಹೆಚ್ಚುಕಡಮೆ ನಮ್ಮ ಈ ನಡುಮನೆಯಷ್ಟೇ ಆಯಿತು. ಹಗಲು ಹಾಸಿಗೆಯನ್ನು ಗೋಡೆಯ ಕಪಾಟಿನಲ್ಲಿ ಮಡಿಸಿಟ್ಟು, ರಾತ್ರಿ ಅದೇ ಕೋಣೆಯನ್ನು ಮಲಗುವ ಮನೆಯಾಗಿ ಮಾಡಿಕೊಳ್ಳುವುದು ಅವರ ಸಾಂಪ್ರದಾಯಿಕ ಪದ್ಧತಿ.

ಕಣ್ಣು ಕೋಣೆಯ ದೊಡ್ಡತನವನ್ನು ಅಳೆಯುವುದು ಕಾಣುವ ನೆಲದಿಂದ. ನೆಲವು ಗೋಡೆಯ ಬುಡದವರೆಗೂ ತಡೆಯಿಲ್ಲದೆ ಕಂಡರೆ ಕೋಣೆ ವಿಶಾಲವೆನಿಸುತ್ತದೆ. ನಡುವೆ ಮೆತ್ತೆಯ ಗೋಡೆಯೊಂದು ಅಡ್ಡ ನಿಂತರೆ ಕಣ್ಣು ಅಲ್ಲಿಯೇ ನಿಂತುಬಿಡುತ್ತದೆ. ಆದುದರಿಂದ ಕಾಲುಗಳುಳ್ಳ, ಕೆಳಗೆ ಆರೇಳು ಅಂಗುಲವಾದರೂ ತೆರವಿರುವ ಆಸನಗಳೇ ಲೇಸು. ಮಲೆನಾಡಿನ ಸೆರಗಿನಲ್ಲಿರುವ ಈ ಸೀಮೆಗೆ ಇದರಿಂದ ಇನ್ನೊಂದು ಲಾಭವೂ ಇದೆ. ಮಳೆಗಾಲದ ತೇವ ನೆಲವನ್ನೂ ಗೋಡೆಯನ್ನೂ ಬಿಡುವುದಿಲ್ಲ. ಕೆಳಗೆ ಗಾಳಿಯಾಡದ ಪೆಟ್ಟಿಗೆಯಂಥ ಆಸನದಡಿಯಲ್ಲಿ ಬೂಷ್ಟೂ ಗೆದ್ದಲೂ ಸುಖವಾಗಿ ಸಂಸಾರ ಹೂಡುತ್ತವೆ. ಕಾಲುಳ್ಳ ಬೆಂಚಿನ ಕೆಳಗೆ ಪೊರಕೆ ಆಡುತ್ತದೆ, ಗಾಳಿಯೂ ಆಡುತ್ತದೆ. ಇದೇ ಕಾರಣದಿಂದ ಆಸನಗಳನ್ನು ಗೋಡೆಗೆ ತಾಗಿಸದೆ ಎರಡು ಮೂರು ಅಂಗುಲ ಮುಂದಕ್ಕಿಡಬೇಕು. ಆ ಸಂದಿನಲ್ಲಿ ಬೀಳುವ ನೆರಳು ಗೋಡೆಯನ್ನು ಇನ್ನಷ್ಟು ದೂರ ಸರಿಸಿದಂತೆ ತೋರುವುದು ಮೇಲಿನ ಪ್ರಯೋಜನ.

ಮರದ ವಿಷಯಕ್ಕೆ ಬಂದರೆ, ಶಿವಮೊಗ್ಗ ಸೀಮೆಯವರಿಗೆ ಮರವೆಂದರೆ ಅಭಿಮಾನ. ತೇಗ, ಬೀಟೆ, ಹೊನ್ನೆ, ಹಲಸು ಇವೆಲ್ಲ ಇಲ್ಲಿಯ ಮನೆಮಾತುಗಳು. ಆದರೆ ಒಂದು ಘನ ಅಡಿ ತೇಗ ಸುಮಾರು 18 ಕಿಲೋ ತೂಗಿದರೆ ಬೀಟೆ ಸುಮಾರು 24 ಕಿಲೋ ತೂಗುತ್ತದೆ. ಬೀಟೆಯ ಕಪ್ಪು ಬಣ್ಣವಂತೂ ಕಣ್ಣಿಗೆ ಅದರ ಭಾರವನ್ನು ಇಮ್ಮಡಿಯಾಗಿ ತೋರಿಸುತ್ತದೆ. ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆಯಲ್ಲಿ ಮರದ ಗಜಗಾತ್ರದ ಕಂಬಗಳು ಶೋಭಿಸುವುದು ಮೇಲೆ ಅಷ್ಟೆತ್ತರದ ಮಾಡು ಇರುವುದರಿಂದ. ಕುಪ್ಪಳಿಯ ಕವಿಮನೆಯಂತಹ ತೊಟ್ಟಿಮನೆಯಲ್ಲಿ ಕರಿಮರ ಕಣ್ಣಿಗೆ ಹೊರೆಯಾಗದಿರುವುದು ನಡುವಣ ತೊಟ್ಟಿಯಿಂದ ಬೆಳಕು ಸುರಿಯುವುದರಿಂದ. ಹತ್ತಡಿ ಎತ್ತರದ ಕಾಂಕ್ರೀಟು ಸೂರಿನ ಕೆಳಗೆ ಆ ಎರಡೂ ಇಲ್ಲ. ಇಲ್ಲಿಗೆ ತಿಳಿಬಣ್ಣದ ತೇಗ ಅಥವಾ ಬೆತ್ತವೇ ಸೊಗಸು. ಬೆತ್ತದ ಹೆಣಿಗೆಯ ಕಣ್ಣುಗಳಿಂದ ಬೆಳಕು ತೂರಿಬರುವುದರಿಂದ ಕುರ್ಚಿ ಇದ್ದೂ ಇಲ್ಲದಂತಿರುತ್ತದೆ. 1859ರಲ್ಲಿ ಮೈಕೇಲ್ ಥೋನೆಟ್ ಎಂಬಾತ ಬಗ್ಗಿಸಿದ ಮರದಿಂದಲೂ ಬೆತ್ತದ ಪೀಠದಿಂದಲೂ ರೂಪಿಸಿದ ಕುರ್ಚಿ ಲೋಕಪ್ರಸಿದ್ಧವಾಯಿತು. ಬಿಡಿಭಾಗಗಳಾಗಿ ಬಿಚ್ಚಿದರೆ ಅಂಥ 36 ಕುರ್ಚಿಗಳು ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಹಿಡಿಸುತ್ತಿದ್ದುವು. ಕುರ್ಚಿಗೆ ನಿಜವಾಗಿ ಎಷ್ಟು ಮರ ಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

ಇಷ್ಟನ್ನು ಹೇಳುವುದು ಸುಲಭ. ಹೊಸದಾಗಿ ಕೊಳ್ಳುವವರು ಇದನ್ನು ಅನುಸರಿಸಲೂಬಹುದು. ಆದರೆ ಈ ಜಿಲ್ಲೆಯ ಅನೇಕ ಮನೆಗಳಲ್ಲಿ ಸಮಸ್ಯೆ ಕೊಂಡದ್ದರಿಂದ ಹುಟ್ಟಿದುದಲ್ಲ, ಬಂದದ್ದರಿಂದ ಹುಟ್ಟಿದುದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿಯ ಕಣಿವೆ ನೀರಿನಡಿಯಾದಾಗ ಸಹಸ್ರಾರು ಕುಟುಂಬಗಳು ಊರು ತೊರೆದವು. ಅವರಲ್ಲಿ ಹಲವರು ಶಿವಮೊಗ್ಗ ತಾಲ್ಲೂಕಿನಲ್ಲಿಯೂ ನೆಲೆಸಿದರು. ನೆಲವನ್ನು ಹೊತ್ತು ತರಲಾಗದವರು ಬಾಗಿಲು, ಕಂಬ, ಮಂಚಗಳನ್ನು ಹೊತ್ತು ತಂದರು. ಹಾಗೆ ಬಂದ ಬೀಟೆಯ ಮಂಚವೊಂದು ಮೂರನೆಯ ತಲೆಮಾರಿನ ಹತ್ತಡಿಯ ನಡುಮನೆಯಲ್ಲಿ ನಿಂತಿರುವುದನ್ನು ಯಾರಾದರೂ ಕಣ್ಣ ಮುಂದೆ ತಂದುಕೊಳ್ಳಬಹುದು. ಸೊಸೆಗೆ ಅದು ಸ್ಥಳ ತಿನ್ನುವ ವಸ್ತು, ಅವಳ ಮಾತು ಸುಳ್ಳಲ್ಲ. ಮಗನಿಗೆ ಅದರ ಮರದ ಬೆಲೆ ಗೊತ್ತು, ಕೊಳ್ಳುವವರೂ ಬಂದು ಕೇಳಿ ಹೋಗಿರುತ್ತಾರೆ. ಅಜ್ಜಿ ಏನೂ ಹೇಳುವುದಿಲ್ಲ. ಮುಳುಗಿದ ಊರಿನಲ್ಲಿ ತಾನು ಮದುವೆಯಾಗಿ ಬಂದ ಮನೆಯಿಂದ ಉಳಿದಿರುವುದು ಆ ಮಂಚವೊಂದೇ ಎಂಬುದನ್ನು ಆಕೆ ಪ್ರತಿಯೊಬ್ಬರಿಗೂ ಬಿಡಿಸಿ ಹೇಳಬೇಕೆ?

ಇಂತಹ ಮನೆಯಲ್ಲಿ ಮಾರಾಟದ ಮಾತನ್ನು ಎತ್ತುವ ಮೊದಲು ಉಳಿದ ವಸ್ತುಗಳ ಕಡೆಗೆ ನೋಡುವುದು ನ್ಯಾಯ. ಒಂದು ಕೋಣೆ ಒಂದು ಭಾರವಾದ ವಸ್ತುವನ್ನು ಸುಖವಾಗಿ ಹೊರಬಲ್ಲುದು, ಎರಡನೆಯದನ್ನು ಹೊರಲಾರದು. ಮಂಚ ಉಳಿಯುವುದಾದರೆ ಸೋಫಾ ಹೋಗಬೇಕು. ಅಜ್ಜಿಯ ಮಂಚವೇ ಹಗಲಿನ ಆಸನವಾಗಲಿ. ಆರಡಿಗೆ ಮೂರಡಿಯ ಮಂಚ 18 ಚದರಡಿ, ಎಂದರೆ ಸೋಫಾಕ್ಕಿಂತ ಒಂದೂವರೆ ಚದರಡಿ ಕಡಮೆಯೇ ಆಯಿತು! ಅದನ್ನು ಬಾಗಿಲಿಗೆ ಎದುರಾಗಿ ಇಡಬಾರದು. ಒಳಗೆ ಬಂದವರ ಕಣ್ಣಿಗೆ ಮೊದಲು ತೆರವು ಬೀಳಬೇಕು. ಬಾಗಿಲಿನ ಮಗ್ಗುಲಿನ ಉದ್ದನೆಯ ಗೋಡೆಯೇ ಅದಕ್ಕೆ ತಕ್ಕ ಸ್ಥಳ. ಮೇಲೆ ತಿಳಿಬಣ್ಣದ ಒಂದೇ ಹೊದಿಕೆ ಸಾಕು. ಅದು ನೆಲದವರೆಗೆ ಇಳಿಬೀಳದೆ ಕಾಲುಗಳು ಕಾಣುವಂತಿರಲಿ. ಮಂಚದ ಮೇಲಿನ ಗೋಡೆಯಲ್ಲಿ ಪಟಗಳ ಸಾಲು ಬೇಡ, ಒಂದಿದ್ದರೆ ಸಾಕು. ಹಳೆಯ ಮಂಚಗಳ ಕಾಲು-ಪಟ್ಟಿಗಳನ್ನು ಬಹುಮಟ್ಟಿಗೆ ತೂತು-ಗೂಟದಿಂದ ಸೇರಿಸಿರುತ್ತಾರಾದ್ದರಿಂದ, ಬಿಚ್ಚಿ ಸಾಗಿಸುವಾಗ ಕೈಪಳಗಿದ ಬಡಗಿಯನ್ನು ಕರೆಯುವುದು ಕ್ಷೇಮ. ಸುತ್ತಿಗೆಯಿಂದ ಬಡಿದು ಬಿಚ್ಚಿದ ಗೂಟ ಮತ್ತೆ ಬಿಗಿಯಾಗಿ ಕೂರುವುದಿಲ್ಲ. ತೂಗುಮಂಚದ ವಿಷಯ ಬೇರೆ. ಕಾಂಕ್ರೀಟು ಸೂರಿಗೆ ಎರಕ ಹೊಯ್ಯುವಾಗಲೇ ಕೊಂಡಿಗಳನ್ನು ಕಂಬಿಗೆ ಕಟ್ಟಿರಬೇಕು. ಅನಂತರ ತೂತು ಕೊರೆದು ತೂಗುಹಾಕುವವರು ಎಂಜಿನಿಯರನ್ನು ಕೇಳದೆ ಮುಂದುವರಿಯಬಾರದು. ಅದರಲ್ಲಿ ಕೂರುವವರು ಮಕ್ಕಳು.

ಜೋಡಣೆಗೆ ಮೊದಲು ಕುರ್ಚಿಗಳನ್ನು ಎಳೆದಾಡಿ ಬೆನ್ನು ನೋಯಿಸಿಕೊಳ್ಳುವ ಅಗತ್ಯವಿಲ್ಲ. ಪ್ರತಿಯೊಂದು ಆಸನದ ಅಳತೆಗೆ ಹಳೆಯ ಪತ್ರಿಕೆಯ ಹಾಳೆಗಳನ್ನು ಅಂಟಿಸಿ ನೆಲದ ಮೇಲೆ ಹರಡಿ, ಎರಡು ದಿನ ಅವುಗಳನ್ನು ತುಳಿಯದೆ ಓಡಾಡಿ ನೋಡಬೇಕು. ಅಡಿಗೆಮನೆಯಿಂದ ಬಾಗಿಲಿಗೆ ಹೋಗುವ ಹಾದಿ ಎರಡೂವರೆ ಅಡಿಗಿಂತ ಕಿರಿದಾದರೆ ಕಾಫಿಯ ತಟ್ಟೆ ಹಿಡಿದವರು ಅಡ್ಡಡ್ಡವಾಗಿ ನಡೆಯಬೇಕಾಗುತ್ತದೆ. ಟೀಪಾಯಿಗೂ ಆಸನಕ್ಕೂ ಒಂದೂವರೆ ಅಡಿ ಇದ್ದರೆ ಮೊಣಕಾಲಿಗೆ ಪೆಟ್ಟಿಲ್ಲ. ನಡುಮನೆಯ ಅತ್ಯಂತ ಉದ್ದವಾದ ಗೆರೆ ಮೂಲೆಯಿಂದ ಎದುರು ಮೂಲೆಗೆ ಹೋಗುವಂಥದು. ಹತ್ತಕ್ಕೆ ಹನ್ನೆರಡಡಿಯ ಕೋಣೆಯಲ್ಲಿ ಅದು ಹದಿನೈದೂವರೆ ಅಡಿಗಿಂತ ಸ್ವಲ್ಪ ಹೆಚ್ಚು. ಬಾಗಿಲು ಒಂದು ಮೂಲೆಯ ಕಡೆಗಿದ್ದರೆ ಎದುರು ಮೂಲೆಯನ್ನು ಬರಿದಾಗಿ ಬಿಟ್ಟು ಅಲ್ಲೊಂದು ದೀಪವನ್ನೋ ಎಲೆಗಿಡವನ್ನೋ ಇಟ್ಟರೆ ಕಣ್ಣು ಆ ಉದ್ದವನ್ನೆಲ್ಲ ಪೂರ್ತಿ ನಡೆಯುತ್ತದೆ. ಇದಕ್ಕೆ ಖರ್ಚೂ ಇಲ್ಲ.

ಬೆಳಕಿನ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ. ಪರದೆಯ ಸರಳನ್ನು ಕಿಟಕಿಗಿಂತ ಅರ್ಧ ಅಡಿ ಮೇಲಕ್ಕೂ ಎರಡು ಪಕ್ಕಗಳಿಗೂ ಚಾಚಿದರೆ, ಪರದೆ ಸರಿಸಿದಾಗ ಕಿಟಕಿ ಪೂರ್ತಿ ತೆರೆದು ದೊಡ್ಡದಾಗಿ ಕಾಣುತ್ತದೆ. ಕನ್ನಡಿಯನ್ನು ಕಿಟಕಿಗೆ ಎದುರಾಗಿ ತೂಗಿದರೆ ಹೊರಗಿನ ಮರ-ಮುಗಿಲು ಒಳಗೆ ಬರುತ್ತವೆ. ಪಾತ್ರೆ-ಪುಸ್ತಕಗಳ ರಾಶಿಗೆ ಎದುರಾಗಿ ತೂಗಿದರೆ ಆ ರಾಶಿ ಎರಡಾಗುತ್ತದೆ. ಹೆಂಚಿನ ಮನೆಯವರಿಗೆ ಒಂದೆರಡು ಗಾಜಿನ ಹೆಂಚು ಎಲ್ಲಕ್ಕಿಂತ ಅಗ್ಗದ ಉಪಾಯ. ಬಹುಮಾನದ ಬಟ್ಟಲುಗಳನ್ನೂ ಗೊಂಬೆಗಳನ್ನೂ ಒತ್ತಾಗಿ ತುಂಬಿದ ಗಾಜಿನ ಕಪಾಟನ್ನು ಮಾತ್ರ ಬೇರೆ ಕೋಣೆಗೆ ಸಾಗಿಸುವುದು ಒಳಿತು. ಮಕ್ಕಳು ಮೂರು ದಿನ ಮುನಿಸಿಕೊಂಡಾರು.

ಬೆತ್ತದ ಕುರ್ಚಿಗಳ ಪೀಠ ಕೆಲವು ವರ್ಷಗಳಲ್ಲಿ ಜಗ್ಗುತ್ತದೆಂದು ದೂರುವವರುಂಟು. ಹೆಣಿಗೆ ಹರಿದಿರದಿದ್ದರೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಪೀಠದ ಕೆಳಭಾಗಕ್ಕೆ ಒತ್ತಿ ಚೆನ್ನಾಗಿ ನೆನೆಸಿ, ಯಾರೂ ಕೂರದಂತೆ ನೆರಳಿನಲ್ಲಿ ಒಂದು ದಿನ ಆರಲು ಬಿಡಬೇಕು. ಆರುವಾಗ ಬೆತ್ತ ಕುಗ್ಗಿ ಮತ್ತೆ ಬಿಗಿಯಾಗುತ್ತದೆ. ಜೂನ್ ತಿಂಗಳ ಮಳೆ ಹಿಡಿಯುವುದಕ್ಕೆ ಮೊದಲು ಈ ಕೆಲಸವನ್ನು ಮುಗಿಸಿಕೊಳ್ಳಬೇಕು. ಅನಂತರ ಒಂದು ದಿನದಲ್ಲಿ ಏನೂ ಆರುವುದಿಲ್ಲ.