ಬಾಯಿಪಾಠ ನಡೆಯದ ಚದುರಂಗ

ಪ್ಲೇಸ್‌ಮೆಂಟ್ ಪ್ರಶ್ನೆಗಳಿಂದ ಹಿಡಿದು ಚೆಸ್ ಓಪನಿಂಗ್‌ವರೆಗೆ ಎಲ್ಲವನ್ನೂ ಬಾಯಿಪಾಠ ಮಾಡುವವರು ನಾವು. ಅದು ನಡೆಯದ ಆಟವೊಂದಿದೆ. ಜರ್ಮನಿಯ ಫರ್ಡಿನಾಂಡ್ ಮಾಕ್ 1907ರಲ್ಲಿ ಪರಿಚಯಿಸಿದ ಮೂರು ಆಯಾಮದ ಚದುರಂಗ ‘ರೌಮ್‌ಶಾಖ್’. ಐದೈದು ಸಾಲಿನ ಐದು ಹಲಗೆ ಒಂದರ ಮೇಲೊಂದು. ಒಟ್ಟು 125 ಮನೆ. ಆನೆ ನೇರ ಮೇಲಕ್ಕೂ ಏರುತ್ತದೆ. ಘನದ ಮೂಲೆಯಿಂದ ಮೂಲೆಗೆ ಸಾಗುವ ‘ಯೂನಿಕಾರ್ನ್’ ಎಂಬ ಹೊಸ ಕಾಯಿಯೂ ಇದೆ. ನಡುವೆ ನಿಂತ ರಾಜನಿಗೆ 8ರ ಬದಲು 26 ದಾರಿ, ಚೆಕ್‌ಮೇಟ್ ಸುಲಭವಲ್ಲ.

ಐಸೊಮೆಟ್ರಿಕ್ ಚಿತ್ರ ಬರೆದು ಪಾಸಾದ ಬಿಇ ವಿದ್ಯಾರ್ಥಿಯಾದ ನನಗೂ ಇಲ್ಲಿ ಪ್ರತಿ ನಡೆಗೂ ಹೊಸದಾಗಿ ಯೋಚಿಸಬೇಕಾಯಿತು. ಕೆಲಸ ಸೇರಿದ ಮೇಲೆ ಎದುರಾಗುವ ಸಮಸ್ಯೆಗಳಿಗೂ ಗೈಡ್ ಇರುವುದಿಲ್ಲವಲ್ಲ! ದುಬಾರಿ ಬೋರ್ಡ್ ಬೇಕಿಲ್ಲ. ಹಾಳೆಯ ಮೇಲೆ ಐದು ಚೌಕ ಪಕ್ಕಪಕ್ಕ ಬರೆದರೂ ಸಾಕು. ಕಾಲೇಜುಗಳ ಚೆಸ್ ಬಳಗಗಳು ತಿಂಗಳಿಗೊಮ್ಮೆಯಾದರೂ ಇದನ್ನು ಆಡಿಸಲಿ.