ಅಂಕಪಟ್ಟಿಯ ಏರಿಳಿತಕ್ಕೆ ಹೆದರಿ ಹೊಲ ಮಾರಬೇಕೇ?

ಮೇ ತಿಂಗಳು ಬಂತೆಂದರೆ ನಮ್ಮ ಹುಲಸೂರ ಕಡೆ ಎರಡೇ ಮಾತು. ಸೋಯಾ ಬೀಜ ಯಾವಾಗ ಕೊಡ್ತಾರ? ಇನ್ನೊಂದು, "ನಿಮ್ ಹುಡುಗುಂದು ಎಷ್ಟಾಯ್ತ್ರಿ?" ಬೀಜದ ಮಾತಿಗೆ ಯಾರೂ ನಾಚುವುದಿಲ್ಲ. ಎರಡನೆಯ ಮಾತಿಗೆ ಹೆದರಿ ಕೆಲವರು ಹೋಟೆಲಿಗೆ ಬರುವುದನ್ನೇ ಬಿಡುತ್ತಾರೆ. ಹಿಂದಿನ ವರ್ಷ ನಾನೂ ಹದಿನೈದು ದಿನ ಬಿಟ್ಟಿದ್ದೆ.

ನನ್ನ ಮಗಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ಶೇ. 89 ಬಂದಿತ್ತು. ಪ್ರಥಮ ಪಿಯುಸಿಯಲ್ಲಿ 54ಕ್ಕೆ ಇಳಿಯಿತು. ದ್ವಿತೀಯ ಪಿಯುಸಿಯಲ್ಲಿ 600ಕ್ಕೆ 420, ಅಂದರೆ ಶೇ. 70. ಅದರಲ್ಲಿ ಕನ್ನಡ, ಇಂಗ್ಲಿಷ್ ಎರಡರದೇ 172. ವಿಜ್ಞಾನದ ನಾಲ್ಕು ವಿಷಯಕ್ಕೆ ಉಳಿದದ್ದು 248, ಅಂದರೆ ಶೇ. 62. ಭೌತಶಾಸ್ತ್ರವೇ ಅವಳನ್ನು ಕೆಳಗೆ ಎಳೆದದ್ದು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹತ್ತನೆಯ ತನಕ ಕನ್ನಡದಲ್ಲಿ ಓದಿದವಳಿಗೆ ಹನ್ನೊಂದರಲ್ಲಿ ಎಲ್ಲವೂ ಇಂಗ್ಲಿಷ್ ಆಯಿತು. ಭೌತಶಾಸ್ತ್ರ ಹೇಳುವವರು ಅರ್ಧ ವರ್ಷ ಇರಲೇ ಇಲ್ಲ. ಅಕ್ಟೋಬರಿನಲ್ಲಿ ಸೋಯಾ ರಾಶಿ ಸಿಕ್ಕಿದ ಹೊತ್ತಿಗೇ ಮನೆಯವಳಿಗೆ ಆಪರೇಶನ್ ಆಯಿತು. ಆ ಒಂದೂವರೆ ತಿಂಗಳು ಮನೆ ನಡೆಸಿದವಳು ಮಗಳು. ಅಂಕಪಟ್ಟಿಯಲ್ಲಿ ಇದಕ್ಕೆಲ್ಲ ಒಂದು ಕಾಲಮ್ಮು ಇರುವುದಿಲ್ಲ.

ಫಲಿತಾಂಶದ ದಿನ ಅವಳು, "ಅಪ್ಪಾ, ನಂದು ಅಗ್ರಿ ಆಗಂಗಿಲ್ಲ ಬಿಡು, ಬಿ.ಎ.ಗೆ ಹಾಕ್ತೀನಿ" ಅಂದಳು. ಸಂಜೆ ನಮ್ಮಣ್ಣ ಬಂದ. "ಎರಡು ಎಕರೆ ಕೊಟ್ಟು ಬಿಡು ತಮ್ಮಾ. ಹುಡುಗಿಗಿ ಒಂದ್ ವರ್ಷ ಲಾತೂರಿನಾಗ ರಿಪೀಟ್ ಮಾಡ್ಸು. ಹೊಲ ಮತ್ತ ತಗೋಬಹುದು." ಹೊಲ ಮತ್ತೆ ತಗೊಂಡವರನ್ನು ನಾನು ನಮ್ಮ ಊರಲ್ಲಿ ಕಂಡಿಲ್ಲ. ಲಾತೂರು ನಮಗೆ ಬೆಂಗಳೂರಿಗಿಂತ ಹತ್ತಿರ. ಅಲ್ಲಿನ ಪಾಠದ ಹೆಸರು ಇಡೀ ಮರಾಠವಾಡದಲ್ಲಿ ದೊಡ್ಡದು. ಅಲ್ಲಿ ಓದಿ ಮುಂದೆ ಬಂದ ಹುಡುಗರು ನಮ್ಮಲ್ಲೂ ಇದ್ದಾರೆ. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಯಾವ ಅಂಕ ಎಲ್ಲಿ ಲೆಕ್ಕಕ್ಕೆ ಬರುತ್ತದೆ ಎಂದು ನೋಡದೆ ಎರಡು ಎಕರೆ ಮಾರುವುದು ಮಣ್ಣು ಪರೀಕ್ಷೆ ಮಾಡಿಸದೆ ಹತ್ತು ಚೀಲ ಡಿಎಪಿ ಹಾಕಿದ ಹಾಗೆ.

ಆ ಲೆಕ್ಕ ಕಲಿಯಲು ನನಗೆ ಒಂದು ವಾರ ಹಿಡಿಯಿತು. ಸಿಇಟಿ ರ‍್ಯಾಂಕಿಗೆ ಎಸ್ಸೆಸ್ಸೆಲ್ಸಿ ಅಂಕ ಸೇರುವುದಿಲ್ಲ. ಪ್ರಥಮ ಪಿಯುಸಿಯದೂ ಇಲ್ಲ. ಕನ್ನಡ, ಇಂಗ್ಲಿಷಿನದೂ ಇಲ್ಲ. ಎಂಜಿನಿಯರಿಂಗಿಗೆ ದ್ವಿತೀಯ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕ ಅರ್ಧ, ಸಿಇಟಿ ಅರ್ಧ. ಕೃಷಿ ಕೋರ್ಸುಗಳಿಗೂ ಸಾಮಾನ್ಯ ಪಟ್ಟಿಯಲ್ಲಿ ಪಿಯು ವಿಜ್ಞಾನ ಮತ್ತು ಸಿಇಟಿ ಅರ್ಧರ್ಧ. ವೈದ್ಯಕೀಯಕ್ಕೆ ನೀಟ್ ಒಂದೇ, ಪಿಯು ಅಂಕ ಬರೀ ಅರ್ಹತೆಗೆ. ನನ್ನ ಮಗಳ 54, ಮನೆಯವರೆಲ್ಲ ಒಂದು ವರ್ಷ ಹೊತ್ತು ತಿರುಗಿದ ಆ 54, ಯಾವ ಪಟ್ಟಿಯಲ್ಲೂ ಇಲ್ಲ! ಹಾಗೆಯೇ ಊರಿಗೆಲ್ಲ ಪೇಡೆ ಹಂಚಿದ 89 ಕೂಡ ಇಲ್ಲ.

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಹಾಗಲ್ಲವಂತೆ. ಅಲ್ಲಿ ಹೈಸ್ಕೂಲಿನ ನಾಲ್ಕೂ ವರ್ಷದ ಅಂಕ ನೋಡುತ್ತಾರೆ. ಬಿದ್ದವನು ಮತ್ತೆ ಎದ್ದನೇ ಎಂಬುದನ್ನೂ ನೋಡುತ್ತಾರೆ, ಏಕೆ ಬಿದ್ದೆ ಎಂದು ಬರೆದು ಕಳಿಸಲೂ ಅವಕಾಶ ಇದೆ. ಕೇಳಲು ಚಂದ. ಆದರೆ ಹಾಗೆ ಬರೆಯಲೂ ಕೂಡ ಕಲಿಸುವವರು ಬೇಕು, ಅದಕ್ಕೂ ಅಲ್ಲಿ ದುಡ್ಡು ಕೊಟ್ಟು ಆಳು ಇಡುತ್ತಾರೆ. ನಮ್ಮದು ಒರಟು ಲೆಕ್ಕ. ಹಳೆಯ ಸೋಲನ್ನು ಕೇಳುವುದಿಲ್ಲ, ಹಳೆಯ ಗೆಲುವನ್ನೂ ಕೇಳುವುದಿಲ್ಲ. ಹಳ್ಳಿಯ ಮಕ್ಕಳಿಗೆ ಇದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಒಮ್ಮೆ ಮಾತ್ರ ಈ ಲೆಕ್ಕ ತಲೆಕೆಳಗಾಯಿತು. 2021ರಲ್ಲಿ ಕೊರೊನಾದಿಂದ ದ್ವಿತೀಯ ಪಿಯು ಪರೀಕ್ಷೆಯೇ ನಡೆಯಲಿಲ್ಲ. ಎಸ್ಸೆಸ್ಸೆಲ್ಸಿಯಿಂದ ಶೇ. 45, ಪ್ರಥಮ ಪಿಯುನಿಂದ ಶೇ. 45, ಆಂತರಿಕ ಅಂಕದಿಂದ ಶೇ. 10 ಸೇರಿಸಿ ಫಲಿತಾಂಶ ಕೊಟ್ಟರು. ಆ ವರ್ಷ ಸಿಇಟಿ ಅಂಕದ ಮೇಲೆಯೇ ರ‍್ಯಾಂಕ್ ಕೊಟ್ಟರು. ಅದೇ ಮಕ್ಕಳು 2022ರಲ್ಲಿ ಮತ್ತೆ ಸಿಇಟಿ ಬರೆದಾಗ ಅವರ ಪಿಯು ಅಂಕ ಪರಿಗಣಿಸಲಿಲ್ಲ. ಮಕ್ಕಳು ಹೈಕೋರ್ಟಿಗೆ ಹೋದರು. ಕೊನೆಗೆ ಅವರ ಪಿಯು ಅಂಕದಲ್ಲಿ ಶೇ. 6ರಷ್ಟು ಕಳೆದು ಉಳಿದದ್ದನ್ನು ಸೇರಿಸುವ ಸೂತ್ರ ಆಯಿತು. ಅಕ್ಟೋಬರಿನಲ್ಲಿ ಪರಿಷ್ಕೃತ ಪಟ್ಟಿ ಬಂತು. ಅಷ್ಟರಲ್ಲಿ ನಮ್ಮಲ್ಲಿ ಸೋಯಾ ರಾಶಿಯ ಹೊತ್ತು. ಜೂನಿನಲ್ಲಿ ಹಾಸ್ಟೆಲಿಗೆಂದು ಎತ್ತಿಟ್ಟ ದುಡ್ಡು ಅಲ್ಲಿಯವರೆಗೆ ಯಾರ ಮನೆಯಲ್ಲಿ ಉಳಿಯುತ್ತದೆ?

2024ರಿಂದ ಇನ್ನೊಂದು ಬಾಗಿಲು ತೆರೆದಿದೆ. ಪಿಯು ಪರೀಕ್ಷೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ. ಹೆಚ್ಚು ಬಂದ ಅಂಕವೇ ನಿಲ್ಲುತ್ತದೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು. ನಾಪಾಸಾದವರಿಗೆ ಮಾತ್ರ ಎಂದು ನಮ್ಮ ಕಡೆ ಇನ್ನೂ ಬಹಳ ಮಂದಿ ತಿಳಿದಿದ್ದಾರೆ. ಮಗಳು ಭೌತಶಾಸ್ತ್ರ ಒಂದನ್ನೇ ಪರೀಕ್ಷೆ-2ರಲ್ಲಿ ಮತ್ತೆ ಬರೆದಳು. 48 ಇದ್ದದ್ದು 60 ಆಯಿತು. ಇಪ್ಪತ್ತು ದಿನದ ಓದು, ಶುಲ್ಕವೂ ದೊಡ್ಡದಲ್ಲ. ಎರಡು ಎಕರೆಯ ಪಕ್ಕದಲ್ಲಿಟ್ಟು ನೋಡಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕೃಷಿ ವಿಶ್ವವಿದ್ಯಾಲಯಗಳ ಕೋರ್ಸುಗಳಲ್ಲಿ ರೈತರ ಮಕ್ಕಳ ಕೋಟಾ ಇದೆ. ಶೇ. 40 ಇದ್ದದ್ದನ್ನು ಬೊಮ್ಮಾಯಿಯವರು ಮುಖ್ಯಮಂತ್ರಿ ಇದ್ದಾಗ ಶೇ. 50 ಮಾಡಿದರು. ಇದರ ಪಟ್ಟಿಗೆ ಲೆಕ್ಕವೇ ಬೇರೆ. ಪಿಯು ಅಂಕಕ್ಕೆ 25, ಸಿಇಟಿಗೆ 25, ಪ್ರಾಯೋಗಿಕ ಪರೀಕ್ಷೆಗೆ 50. ಬೀಜ, ಬೆಳೆ, ಕಳೆ, ಕೀಟ, ಗೊಬ್ಬರ, ಉಪಕರಣ ಗುರುತಿಸುವ ಪರೀಕ್ಷೆ ಇದು. ಪಿಯುನಲ್ಲಿ 65, ಸಿಇಟಿಯಲ್ಲಿ 45 ಬಂದ ಮಗು ಸಾಮಾನ್ಯ ಪಟ್ಟಿಯಲ್ಲಿ 55ಕ್ಕೆ ನಿಲ್ಲುತ್ತದೆ. ಅದೇ ಮಗು ಪ್ರಾಯೋಗಿಕದಲ್ಲಿ 80 ತೆಗೆದರೆ ರೈತ ಕೋಟಾದ ಪಟ್ಟಿಯಲ್ಲಿ 67 ದಾಟುತ್ತದೆ. ನನ್ನ ಮಗಳದೂ ಹೆಚ್ಚುಕಡಿಮೆ ಇದೇ ಲೆಕ್ಕ. ತೊಗರಿಯ ನೆಟೆರೋಗ ಯಾವುದು, ಗೊಡ್ಡು ರೋಗ ಯಾವುದು ಎಂದು ಅವಳಿಗೆ ಪುಸ್ತಕದಿಂದ ಹೇಳಬೇಕಿರಲಿಲ್ಲ. ಜೇಕು, ಕರಿಕೆ, ಕಾಂಗ್ರೆಸ್ ಕಸ ಕಿತ್ತು ಕಿತ್ತು ಕೈ ಒರಟಾಗಿದ್ದವು. ಅವಳಿಗೆ ಭೀಮರಾಯನಗುಡಿಯ ಕೃಷಿ ಕಾಲೇಜು ಸಿಕ್ಕಿತು. ಹೊಲ ಹಾಗೇ ಇದೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಸಂತೋಷದ ಬರಹ ಆಗುತ್ತಿತ್ತು. ಆದರೆ ಮಗಳ ಜೊತೆಯಲ್ಲೇ ಬಸ್ಸಿಗೆ ಹೋಗುತ್ತಿದ್ದ ಇನ್ನೊಬ್ಬ ಹುಡುಗ ಇದ್ದ. ಅವರಪ್ಪ ಹದಿನಾಲ್ಕು ವರ್ಷದಿಂದ ಬಟಾಯಿ ಮಾಡುತ್ತಾರೆ. ಹುಡುಗ ಎಡೆಕುಂಟಿ ಹೊಡೆದವನು, ಶಂಖದ ಹುಳು ಬಂದ ವರ್ಷ ರಾತ್ರಿ ಬ್ಯಾಟರಿ ಹಿಡಿದು ಸೋಯಾ ಹೊಲದಲ್ಲಿ ಹುಳ ಆರಿಸಿದವನು. ಅವನ ಅಂಕವೂ ನನ್ನ ಮಗಳ ಅಂಕದ ಹಾಗೆಯೇ ಏರಿ ಇಳಿದದ್ದು. ರೈತ ಕುಟುಂಬದ ಪ್ರಮಾಣಪತ್ರಕ್ಕೆ ಹೋದಾಗ ಒಂದು ಕಚೇರಿಯ ಕಿಟಕಿಯಲ್ಲಿ, "ಪಹಣಿ ಯಾರ ಹೆಸರಿಲೆ ಅದ?" ಎಂದು ಕೇಳಿದರು. ಅಷ್ಟಕ್ಕೇ ಮುಗಿಯಿತು. ಪ್ರಾಯೋಗಿಕ ಪರೀಕ್ಷೆಗೆ ಅವನು ಕೂರಲೇ ಇಲ್ಲ. ಅವರು ಮಾಡುವ ಆ ಹೊಲದ ಪಹಣಿ ಇರುವವರು ಹೈದರಾಬಾದಿನಲ್ಲಿದ್ದಾರೆ. ಅವರ ಮಗ ಬೇಕೆಂದರೆ ಪಹಣಿ ತೋರಿಸಬಲ್ಲ, ಸೋಯಾ ಎಲೆ ತೋರಿಸಲಾರ.

ರೈತ ಕೋಟಾವನ್ನೇ ತೆಗೆಯಿರಿ, ಅದು ಹೊಲ ಇದ್ದ ಶ್ರೀಮಂತರಿಗೆ ಸಿಗುತ್ತದೆ ಎಂದು ವಾದಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಈ ಕೋಟಾ ಇಲ್ಲದಿದ್ದರೆ ನನ್ನ ಮಗಳು ಬಿ.ಎ.ಗೆ ಹೋಗುತ್ತಿದ್ದಳು. ಬಿ.ಎ. ಕೆಟ್ಟದ್ದೆಂದಲ್ಲ, ಅದು ಅವಳಿಗೆ ಬೇಕಾದದ್ದಲ್ಲ. ಕೋಟಾ ಇರಲಿ, ಅದರ ಬಾಗಿಲಲ್ಲಿ ಪಹಣಿಗಿಂತ ಕೈಕೆಲಸಕ್ಕೆ ಬೆಲೆ ಇರಲಿ. ಬಟಾಯಿ ಮಾಡುವವರಿಗೆ, ಕೂಲಿ ಮಾಡುವವರಿಗೆ ಗ್ರಾಮ ಪಂಚಾಯಿತಿಯ ದೃಢೀಕರಣದ ಮೇಲೆ ಪ್ರಾಯೋಗಿಕ ಪರೀಕ್ಷೆಗೆ ಕೂರಲು ಬಿಡಬೇಕು. ಸುಳ್ಳು ಕಾಗದ ಬರುತ್ತವೆ ಎನ್ನುತ್ತೀರಾ? ಪಹಣಿಯ ದಾರಿಯಲ್ಲಿ ಬರುತ್ತಿಲ್ಲವೇ?

ಎರಡನೆಯದು ಪರೀಕ್ಷೆಯ ಬಗ್ಗೆಯೇ. ಪ್ರಾಯೋಗಿಕಕ್ಕೆಂದು ಈಗ ಪುಸ್ತಕ ಬಂದಿವೆ, ವಿಡಿಯೊ ಬಂದಿವೆ, ಕೋಚಿಂಗ್ ಬಂದಿದೆ. ಹೊಲ ತುಳಿಯದವರು ಹತ್ತು ದಿನ ಚಿತ್ರ ನೋಡಿ ಬಾಯಿಪಾಠ ಮಾಡುತ್ತಾರೆ. ಐವತ್ತು ಅಂಶದ ಪರೀಕ್ಷೆ ಬಾಯಿಪಾಠಕ್ಕೆ ಸೋತರೆ ಕೋಟಾದ ಅರ್ಥವೇ ಹೋಯಿತು. ಪರೀಕ್ಷೆ ಆಯಾ ಜಿಲ್ಲೆಯ ಹೊಲದಲ್ಲಿ ನಡೆಯಲಿ. ನಮ್ಮ ಜಿಲ್ಲೆಗೆ ಜನವಾಡದ ಕೃಷಿ ವಿಜ್ಞಾನ ಕೇಂದ್ರ ಇದೆ. ಹುಡುಗನ ಕೈಗೆ ಕೂರಗಿ ಕೊಡಿ, ಸಾಲಿನಲ್ಲಿ ನಿಲ್ಲಿಸಿ, ಯಾವ ಗಿಡಕ್ಕೆ ಏನಾಗಿದೆ ಕೇಳಿ. ಹೆಸರು ನಮ್ಮೂರ ಭಾಷೆಯಲ್ಲಿ ಹೇಳಿದರೂ ಅಂಕ ಕೊಡಿ. ಬೀದರದಲ್ಲಿ ಒಂದು ಕಳೆಗೆ ಕನ್ನಡದಲ್ಲೊಂದು, ಮರಾಠಿಯಲ್ಲೊಂದು, ದಖನಿಯಲ್ಲೊಂದು ಹೆಸರು. ಹುಡುಗನಿಗೆ ಮೂರೂ ಗೊತ್ತಿರುತ್ತವೆ.

ಕಾಗದಗಳ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ತಪ್ಪಾದೀತು. 371ಜೆ ಬಂದ ಮೇಲೆ, ಅಂದರೆ 2013ರಿಂದ, ನಮ್ಮ ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಶೇ. 70 ಸೀಟು ಇಲ್ಲಿನವರಿಗೆ, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8. ಏರಿಳಿದ ಅಂಕದ ಮಕ್ಕಳಿಗೆ ಇದೊಂದು ದೊಡ್ಡ ಆಧಾರ. ರಾಯಚೂರು, ಕಲಬುರಗಿ, ಭೀಮರಾಯನಗುಡಿಯ ಕೃಷಿ ಕಾಲೇಜು, ಬೀದರದ ಪಶುವೈದ್ಯ ಮತ್ತು ತೋಟಗಾರಿಕೆ ಕಾಲೇಜು, ಮಹಾಗಾಂವಿನ ಡೇರಿ ವಿಜ್ಞಾನ ಕಾಲೇಜು ಎಲ್ಲ ನಮ್ಮ ಭಾಗದವೇ. ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿ, ನಮಗೆ ಬಸವಕಲ್ಯಾಣ. ಜೂನಿನಲ್ಲಿ ಎಲ್ಲರೂ ಓಡುತ್ತಾರೆ, ನೀವು ಚಳಿಗಾಲದಲ್ಲೇ ಮಾಡಿಸಿ. ಒಂದರಿಂದ ಹತ್ತರ ತನಕ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಕೋಟಾ ಶೇ. 15, ಕನ್ನಡದಲ್ಲಿ ಓದಿದವರಿಗೆ ಶೇ. 5. ಆರು ವರ್ಷದ ಮಗುವನ್ನು ಪಟ್ಟಣದ ಇಂಗ್ಲಿಷ್ ಶಾಲೆಯ ವ್ಯಾನಿಗೆ ಹತ್ತಿಸುವ ದಿನವೇ ಇವೆರಡೂ ಕೈಬಿಟ್ಟವೆಂದು ಯಾರೂ ಹೇಳುವುದಿಲ್ಲ. ನಿಯಮ ವರ್ಷಕ್ಕೊಮ್ಮೆ ತಿದ್ದುತ್ತಾರೆ, ಆ ವರ್ಷದ ಕೈಪಿಡಿಯನ್ನೇ ಓದಿ, ನನ್ನ ಬರಹ ಹಿಡಿದು ಹೋಗಬೇಡಿ.

ಕಾಲೇಜುಗಳ ಆಯ್ಕೆ ತುಂಬುವ ಕೆಲಸ ಬರುವುದು ಸರಿಯಾಗಿ ಬಿತ್ತನೆಯ ಹೊತ್ತಿಗೆ. ಅಪ್ಪ ಹೊಲದಲ್ಲಿ, ಮಗಳು ಕಂಪ್ಯೂಟರ್ ಅಂಗಡಿಯಲ್ಲಿ, ಅಂಗಡಿಯವನು ತನಗೆ ತೋಚಿದ್ದನ್ನು ಒತ್ತುತ್ತಾನೆ. ಹಾಗೆ ಬಿಡಬೇಡಿ, ಅರ್ಧ ದಿನ ಕೂರಗಿ ನಿಂತರೂ ಸರಿ. ಸಿಗಲಿಕ್ಕಿಲ್ಲ ಎಂದು ಹೆದರಿ ಬೇಕಾದ ಕಾಲೇಜನ್ನು ಕೆಳಗೆ ಹಾಕುವವರು ಬಹಳ. ಬೇಕಾದದ್ದನ್ನು ಮೇಲೆ ಹಾಕಿದರೆ ಕೆಳಗಿನದು ಕಳೆದುಹೋಗುವುದಿಲ್ಲ.

ನಮ್ಮ ಭಾಗದ ಮಕ್ಕಳ ಅಂಕ ಏಕೆ ಹೀಗೆ ಎಂಬ ಪ್ರಶ್ನೆ ಉಳಿಯುತ್ತದೆ. 2025ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದ ಕೊನೆಯಲ್ಲಿದ್ದದ್ದು ಕಲಬುರಗಿ, ದ್ವಿತೀಯ ಪಿಯುಸಿಯಲ್ಲಿ ಯಾದಗಿರಿ. ಪೇಪರಿನವರು ಪ್ರತಿವರ್ಷ ಇದನ್ನು ಅಚ್ಚು ಹಾಕುತ್ತಾರೆ. ಭೌತಶಾಸ್ತ್ರದ ಹುದ್ದೆ ಎಷ್ಟು ಖಾಲಿ ಎಂದು ಅದೇ ಪುಟದಲ್ಲಿ ಹಾಕಿದರೆ ಓದುವವರಿಗೆ ಅನುಕೂಲ.

ಬಟಾಯಿಯವರ ಹುಡುಗ ಈ ಮುಂಗಾರಿನಲ್ಲಿ ಅಪ್ಪನ ಜೊತೆ ಬಿತ್ತನೆ ಮಾಡಿದ. ಮತ್ತೆ ಸಿಇಟಿ ಬರೆಯುತ್ತೇನೆ ಎನ್ನುತ್ತಾನೆ, ಸಾಮಾನ್ಯ ಪಟ್ಟಿಯಿಂದಲೇ. ಭೌತಶಾಸ್ತ್ರಕ್ಕೆ ನನ್ನ ಮಗಳ ನೋಟ್ಸ್ ಒಯ್ದಿದ್ದಾನೆ. ಪಹಣಿಯ ಮಾತನ್ನು ನಾನು ಜನವಾಡದಲ್ಲಿ ರೈತರ ಸಭೆಗೆ ಹೋದಾಗ ಎತ್ತಿದೆ. ಬರೆದು ಕೊಡಿ ಅಂದರು, ಬರೆದು ಕೊಟ್ಟಿದ್ದೇನೆ. ನಿಮ್ಮ ತಾಲ್ಲೂಕಿನಲ್ಲೂ ಇಂಥ ಹುಡುಗರು ಇದ್ದರೆ ನೀವೂ ಬರೆದು ಕೊಡಿ.