ಸ್ಕ್ಯಾನ್‌ನಲ್ಲಿ ‘ಗಂಟು’ ಕಂಡರೆ ಕ್ಯಾನ್ಸರ್ ಹರಡಿದೆ ಎಂದೇ ಅರ್ಥವೇ?

‘ಸ್ಕ್ಯಾನ್‌ನಲ್ಲಿ ಗಂಟು ಕಂಡರೆ ಮುಗಿಯಿತು, ಕಾಣದಿದ್ದರೆ ಕ್ಯಾನ್ಸರ್ ಹರಡಿಲ್ಲ’ ಎಂಬಂಥ ಮಾತು ಫ್ಯಾಮಿಲಿ ಗ್ರೂಪ್‌ಗಳಲ್ಲಿ ಸುಲಭವಾಗಿ ಫಾರ್ವರ್ಡ್ ಆಗುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ ಅಥವಾ ಯಲಬುರ್ಗಾದ ಮನೆಯ ಹಿರಿಯರೊಬ್ಬರಿಗೆ ಪ್ರಾಸ್ಟೇಟ್ ಇಲ್ಲವೇ ಮೂತ್ರಕೋಶದ ಕ್ಯಾನ್ಸರ್ ಎಂದಾಗ, ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿಗೋ ಹೋಗಬೇಕೇ, ಸುಮ್ಮನಿರಬೇಕೇ ಎಂಬುದನ್ನು ಇಂಥ ಮಾತೇ ತೀರ್ಮಾನಿಸಿಬಿಡಬಹುದು. ಆದರೆ ಇದರ ಎರಡೂ ಭಾಗ ತಪ್ಪು.

ವೈದ್ಯರು ಏನನ್ನು ನೋಡುತ್ತಾರೆ?

ಕಿಬ್ಬೊಟ್ಟೆಯೊಳಗೆ ದುಗ್ಧರಸ ಗ್ರಂಥಿಗಳಿವೆ. ಸೋಂಕಿನ ವಿರುದ್ಧ ಹೋರಾಡುವುದು ಅವುಗಳ ಕೆಲಸ. ಪ್ರಾಸ್ಟೇಟ್, ಮೂತ್ರಕೋಶದ ಕ್ಯಾನ್ಸರ್ ಹರಡುವಾಗ ಹಲವು ಬಾರಿ ಮೊದಲು ತಲುಪುವುದು ಇಲ್ಲಿಗೇ. ಸಿಟಿ, ಎಂಆರ್‌ಐ ಮುಖ್ಯವಾಗಿ ಅಳೆಯುವುದು ಗ್ರಂಥಿಯ ಗಾತ್ರವನ್ನು. ಅಡ್ಡಗಲ 8 ಮಿ.ಮೀ. ದಾಟಿದರೆ, ಅಂದರೆ ಸುಮಾರು ಕಡಲೆಕಾಳಿನಷ್ಟಾದರೆ, ಸಾಮಾನ್ಯವಾಗಿ ಅನುಮಾನ.

ತೊಡಕು ಇಲ್ಲೇ ಇದೆ. ಸೋಂಕು, ಉರಿಯೂತದಿಂದಲೂ ಗ್ರಂಥಿ ಊದಿಕೊಳ್ಳುತ್ತದೆ. ಇನ್ನೊಂದೆಡೆ, ಅಕ್ಕಿನುಚ್ಚಿಗಿಂತ ಸಣ್ಣ ಕ್ಯಾನ್ಸರ್ ಕಣಗಳು ಸೇರಿಕೊಂಡರೂ ಗ್ರಂಥಿ ಊದದೇ ಇರಬಹುದು.

ಪೆಟ್ ಸ್ಕ್ಯಾನ್ ಮಾಡಿಸಿದರೆ ಸಾಕೇ?

ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಪಿಎಸ್‌ಎಂಎ ಪೆಟ್ ಹೆಚ್ಚು ನಿಖರ. ಆಸ್ಟ್ರೇಲಿಯಾದಲ್ಲಿ 302 ಪುರುಷರ ಮೇಲೆ ನಡೆದು, 2020ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದರ ನಿಖರತೆ 92%, ಸಿಟಿ ಮತ್ತು ಬೋನ್ ಸ್ಕ್ಯಾನ್ ಸೇರಿದಾಗ 65%. ಆದರೂ ತೀರಾ ಸಣ್ಣ ಕಣಗಳು ಇದರ ಕಣ್ಣಿಗೂ ತಪ್ಪುತ್ತವೆ. ಮೂತ್ರಕೋಶದ ಕ್ಯಾನ್ಸರ್‌ಗೆ ಈ ಪರೀಕ್ಷೆ ಬಳಸುವುದಿಲ್ಲ. ಅದಕ್ಕೆ ಬಳಸುವ ಎಫ್‌ಡಿಜಿ ಪೆಟ್‌ನ ಔಷಧ ಮೂತ್ರದಲ್ಲೇ ಹೊರಹೋಗುವುದರಿಂದ ಸುತ್ತಲಿನ ಚಿತ್ರ ಮಸುಕಾಗಬಹುದು.

ರಿಪೋರ್ಟ್ ಓದುವಾಗ

‘ಸಿಎನ್0’ ಎಂದರೆ ಸ್ಕ್ಯಾನ್‌ನಲ್ಲಿ ಕಾಣಲಿಲ್ಲ ಎಂದಷ್ಟೇ. ‘ಪಿಎನ್0’ ಎಂದರೆ ಆಪರೇಷನ್‌ನಲ್ಲಿ ತೆಗೆದ ಗ್ರಂಥಿಗಳನ್ನು ಮೈಕ್ರೋಸ್ಕೋಪ್‌ನಲ್ಲಿ ಪರೀಕ್ಷಿಸಿದಾಗಲೂ ಕ್ಯಾನ್ಸರ್ ಸಿಗಲಿಲ್ಲ ಎಂದು. ಹೆಚ್ಚು ಖಚಿತವಾದದ್ದು ಎರಡನೆಯದು. ಸ್ಕ್ಯಾನ್ ಸರಿಯಿದ್ದರೂ ಕೆಲವರಿಗೆ ಗ್ರಂಥಿ ತೆಗೆಯಲು ವೈದ್ಯರು ಹೇಳುವುದು ಇದಕ್ಕೇ. ಅದು ದುಡ್ಡಿನಾಸೆ ಎಂದುಕೊಳ್ಳಬೇಡಿ.

ಗ್ರಂಥಿಗೆ ಹರಡಿದ್ದು ಖಚಿತವಾದರೂ ದಾರಿ ಮುಚ್ಚುವುದಿಲ್ಲ. ಪ್ರಾಸ್ಟೇಟ್‌ಗೆ ರೇಡಿಯೇಷನ್ ಜೊತೆ ಹಾರ್ಮೋನ್ ಚಿಕಿತ್ಸೆ, ಮೂತ್ರಕೋಶಕ್ಕೆ ಕಿಮೊ, ಬಳಿಕ ಆಪರೇಷನ್ ಮುಂತಾದ ಚಿಕಿತ್ಸೆಗಳಿವೆ.

ದೊಡ್ಡಾಸ್ಪತ್ರೆಗೆ ಹೊರಟಾಗ ರಿಪೋರ್ಟ್ ಹಾಳೆಯಷ್ಟೇ ಅಲ್ಲ, ಸ್ಕ್ಯಾನ್‌ನ ಸಿಡಿ, ಹಳೆಯ ಫಿಲ್ಮ್‌ಗಳನ್ನೂ ಒಯ್ಯಿರಿ. ‘ಗ್ರಂಥಿ ಎಷ್ಟು ಮಿ.ಮೀ. ಇದೆ? ಸೋಂಕಿನಿಂದ ಊದಿರಬಹುದೇ? ಇದರಿಂದ ಚಿಕಿತ್ಸೆ ಬದಲಾಗುತ್ತದೆಯೇ?’ ಎಂದು ಕೇಳಿ.

ನಮ್ಮ ನಿರ್ಣಯ: ಫಾರ್ವರ್ಡ್ ಮಾತು ತಪ್ಪು. ಸ್ಕ್ಯಾನ್ ಕೊಡುವುದು ಸುಳಿವು, ತೀರ್ಪಲ್ಲ.